ಕಾಣದೆ ಹೋದ ಕೆರೆ

ಜುಲೈ 29, ಮಧ್ಯಾಹ್ನ

ಇವತ್ತಿನ ಉಪಗ್ರಹದ ಚಿತ್ರ ಇಳಿಯಲು ಹನ್ನೊಂದು ನಿಮಿಷ. ಭೂಮಿಯ ಉತ್ತರ ತುದಿಯ ನಮ್ಮೂರಿನ ಇಂಟರ್ನೆಟ್ ಇಷ್ಟೇ. ಮೇಲಿನಿಂದ ಒಂದೊಂದೇ ಎಳೆ ಇಳಿಯುತ್ತದೆ — ಮೊದಲು ಕಪ್ಪು ಸಮುದ್ರ, ಆಮೇಲೆ ಮಂಜುಗಡ್ಡೆಯ ಬಿಳಿ ಹಾಸು, ಕೊನೆಗೆ ದಡದ ಬಂಡೆ. ಹಾಸಿನ ಮೇಲೆ ಕರಗಿದ ನೀರು ನಿಂತ ಕೆರೆಗಳನ್ನು ಎಣಿಸಿದೆ. ಹದಿನಾಲ್ಕು. ಎಣಿಕೆ ಸಮುದ್ರದ ಕಡೆಯಿಂದ ದಡದ ಕಡೆಗೆ; ಕೆರೆಗಳು ದಡಕ್ಕೆ ಅಡ್ಡಡ್ಡ, ಒಂದರ ಪಕ್ಕ ಒಂದು, ಬಾಚಣಿಗೆ ಎಳೆದ ಹಾಗೆ ಉದ್ದುದ್ದ ನೀಲಿ. ಐದನೆಯದು ತುಂಬಿ, ದಿಬ್ಬ ಕೊರೆದು, ಆರಕ್ಕೆ ಇಳಿಯುತ್ತಿದೆ. ಟೈಪ್ ಮಾಡಿ ಕ್ಯಾಂಪಿಗೆ ಕಳಿಸಿದೆ. ಪೌಲಾಸಿಯ ಉತ್ತರ — ಸರಿ. ನನ್ನ ಗಂಡ ಒಂದೇ ಪದದ ಮನುಷ್ಯ.

ಹೋದ ಎರಡು ಬೇಸಿಗೆ ಅಲ್ಲಿ ಅಳತೆಕೋಲು ಹಿಡಿದು ನಿಂತವಳು ನಾನು. ಈ ಸಲ ಅಂಗಿಯ ಬೆನ್ನಿಗೆ ಹೊಲಿದ ಟೊಪ್ಪಿಚೀಲದೊಳಗೆ ಮೂರು ತಿಂಗಳ ಮಗು. ಪೌಲಾಸಿ, ವಿಜ್ಞಾನಿ ಕ್ಲೇರ್, ಅವಳ ಶಿಷ್ಯ — ಮೂವರು ಆರು-ಏಳರ ನಡುವಿನ ದಿಬ್ಬದ ಮೇಲೆ. ಕೆಳಗೆ ಮೂವತ್ತು ಆಳುದ್ದ ದಪ್ಪದ ಮಂಜುಗಡ್ಡೆ. ಅದರ ಕೆಳಗೆ ಸಮುದ್ರ. ಮೇಲಿನಿಂದ ನೋಡುವ ಕಣ್ಣು ಮಾತ್ರ ನನ್ನದು.

ಮಗು ನಲವತ್ತು ನಿಮಿಷ ಮಲಗಿತು. ನಾನು ಇಲ್ಲ.

ಜುಲೈ 31

ಸೂರ್ಯ ಮುಳುಗುವುದಿಲ್ಲ. ಮನೆಯ ಸುತ್ತ ನಾಯಿಯ ಹಾಗೆ ಸುತ್ತುತ್ತಾನೆ. ಪರದೆ ಎಳೆದರೆ ರೆಪ್ಪೆಯೊಳಗೆ ಕೆರೆಗಳು. ಗಾಳಿಯಿಲ್ಲದ ದಿನ ಏಳನೆಯ ಕೆರೆಯಲ್ಲಿ ದೋಣಿ ಹಾಕಿದ್ದೆ, ಹೋದ ವರ್ಷ. ಮೇಲೂ ನೀಲಿ, ಕೆಳಗೂ ನೀಲಿ. ನಡುವೆ ನಾನು ಯಾರ ತಾಯಿಯೂ ಅಲ್ಲದೆ ತೇಲುತ್ತಿದ್ದೆ...

ಅತ್ತೆ ಬಂದರು. ಬಂದ ಕೂಡಲೇ ಮಗುವಿನ ಮುಂದೆ ಮಂಡಿಯೂರಿ, "ಅಪ್ಪಾ, ಚೆನ್ನಾಗಿ ನಿದ್ದೆ ಮಾಡಿದ್ರಾ?"

ತೀರಿಕೊಂಡ ಅವರ ಅಪ್ಪ ಇಪೀಲಿಯ ಹೆಸರೇ ನನ್ನ ಮಗಳಿಗೆ. ಹೆಸರು ಬಂತು ಅಂದರೆ ಮನುಷ್ಯನೂ ಬಂದ ಹಾಗೆ. ಹೆಣ್ಣಾದರೇನು, ಅತ್ತೆಗೆ ಅಪ್ಪ ಅಪ್ಪನೇ. ಪೌಲಾಸಿಗೆ ಅಜ್ಜ. ಗುಲಾಬಿ ಅಂಗಿ ತೊಡಿಸಿದ್ದು ಅತ್ತೆಗೆ ಕಸಿವಿಸಿ.

"ಕರಡಿ ಹೊಡೆದ ಮನುಷ್ಯ ಕಣೇ ಇವರು. ಇದೇನು ಮೈತುಂಬ ಹೂವು?"

"ಅಂಗಡೀಲಿ ಇದ್ದದ್ದೇ ಇದು ಅತ್ತೆ."

"ಆಗ್ಲಿ ಬಿಡು. ನಮ್ಮಪ್ಪನ್ನ ಹೆತ್ತೋಳು ನೀನು, ನಂಗೇ ಅಜ್ಜಿ ಆಗ್ಬೇಕು. ನಾನೆಲ್ಲಿ ಎದುರು ಮಾತಾಡ್ಲಿ!"

ಆಗಸ್ಟ್ 3

ಮತ್ತೆ ತಪ್ಪಾಯಿತು. ಮೂರನೇ ಸಲ. ಏಳನೆಯ ಕೆರೆ ಉಕ್ಕಿ ಅವರ ದಿಬ್ಬಕ್ಕೇ ಬರುತ್ತದೆ, ಎದ್ದು ಹೊರಡಿ ಅಂತ ಬರೆದೆ. ಮೂವರೂ ಗುಡಾರ ಕಿತ್ತು, ಅರ್ಧ ದಿನ ಸಾಮಾನು ಹೊತ್ತು, ನೋಡಿದರೆ ನೀರು ತಣ್ಣಗೆ ಪಕ್ಕದ ಕಾಲುವೆಯಲ್ಲಿ ಹರಿದುಹೋಯಿತು. ಫೋನಿನಲ್ಲಿ ಪೌಲಾಸಿ ನಕ್ಕ. ಅವನ ಹಿಂದಿದ್ದ ಕ್ಲೇರ್ ನಗಲಿಲ್ಲ.

"ಪಿತ್ಸಿ, ಸ್ವಲ್ಪ ಮಲಗು. ನೀರಿಗೆ ತನ್ನ ದಾರಿ ಗೊತ್ತು," ಅಂದ ಪೌಲಾಸಿ.

ಅಂಗಡಿ ನಡೆಸುವ ರೂಟಿ, ಹಿಟ್ಟಿನ ಚೀಲ ಕೊಡುತ್ತಾ, "ಏನೇ, ಇವತ್ತು ಲೋಕ ಮುಳುಗುತ್ತೋ, ನಾಳೆಯೋ? ಹೇಳಿದ್ರೆ ಬಟ್ಟೆ ಒಗೆಯೋದು ಬಿಡ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಗುವಿಗೆ ಹಾಲು ಕುಡಿಸುತ್ತಾ ಕಣ್ಣೀರು ಹಾಕಿದೆ. ಇನ್ನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಭಯ ನನ್ನ ಹತ್ತಿರವೇ ಇರಲಿ.

ಆಗಸ್ಟ್ 8, ಮಧ್ಯಾಹ್ನ

ಎಂಥ ಒಳ್ಳೆಯ ಚಿತ್ರ! ಹನ್ನೆರಡನೆಯ ಕೆರೆ ಇಲ್ಲ! ನಿನ್ನೆ ನಾಲ್ಕು ಮೈಲಿ ಉದ್ದ, ತುಂಬಿ ಹೊಳೆಯುತ್ತಿತ್ತು. ಇವತ್ತು ಬರೀ ಬಿಳಿ. ಕ್ಯಾಂಪಿನಿಂದ ದಡಕ್ಕೆ ಬರುವ ದಾರಿಗೆ ಅಡ್ಡ ಮಲಗಿದ್ದು ಅದೇ. ಅದೇ ನನ್ನ ನಿದ್ದೆ ತಿಂದದ್ದು. ಬರೆದೆ — ಹನ್ನೆರಡು ಖಾಲಿ, ದಾರಿ ಒಣಗಿದೆ, ಹೆದರಿಕೆ ಇಲ್ಲ.

ಪೌಲಾಸಿ ಎರಡು ಪದ ಬರೆದ — ಸರಿ, ಮಲಗು.

ಮಲಗಿದೆ. ಮಗುವನ್ನು ಹೊಟ್ಟೆಯ ಮೇಲೆ ಹಾಕಿಕೊಂಡು ಎರಡು ಗಂಟೆ. ಕನಸಿನಲ್ಲಿ ಒಣಗಿದ ಕೆರೆಯ ತಳದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದೆ. ಸಕ್ಕರೆಯ ಹಾಗೆ ಬೆಳ್ಳಗಿತ್ತು. ಕಾಲಡಿಯಲ್ಲಿ ಯಾರೋ ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು.

ಅದೇ ದಿನ, ಸಂಜೆ ಐದು

ಆದದ್ದನ್ನು ಆದ ಹಾಗೇ ಬರೆಯಬೇಕು.

ಅತ್ತೆ ಸೀಲ್ ಮಾಂಸ ಹೆಚ್ಚುತ್ತಿದ್ದರು. ಖುಷಿಯಲ್ಲಿ ಹೇಳಿದೆ, ಕೆರೆ ಒಣಗಿತು ಅಂತ. ಚಾಕು ನಿಂತಿತು.

"ಹೋದ ನೀರು ಎಲ್ಲಿಗೆ ಬಂತು?"

"ಹನ್ನೊಂದಕ್ಕೋ ಹದಿಮೂರಕ್ಕೋ ಹರಿದಿರ್ಬೇಕು."

"ಇರ್ಬೇಕು ಅಲ್ಲ. ನೋಡು."

ನೋಡಿದೆ. ಹನ್ನೊಂದು ನಿನ್ನೆಯಷ್ಟೇ. ಹದಿಮೂರು ನಿನ್ನೆಯಷ್ಟೇ. ನಾಲ್ಕು ಮೈಲಿ ನೀರು ಎಲ್ಲಿಗೂ ಬಂದಿಲ್ಲ.

"ಜೂನಲ್ಲಿ ಸಮುದ್ರದ ಮಂಜುಗಡ್ಡೆ ಮೇಲೆ ನೀರು ನಿಲ್ಲುತ್ತಲ್ಲ, ಆಗ ನಾವು ಅದರಲ್ಲೇ ಗಾಡಿ ಓಡಿಸ್ತೀವಿ," ಅಂದರು ಅತ್ತೆ. "ಯಾಕೆ? ನೀರು ಹೊತ್ಕೊಂಡಿದೆ ಅಂದ್ರೆ ಅಡಿ ಗಟ್ಟಿ ಇದೆ. ಒಂದಿನ ಸುಳಿ ಸುತ್ತಿ ಸೀಲ್ ಉಸಿರಾಡೋ ತೂತಲ್ಲಿ ಇಳಿದುಹೋಗುತ್ತೆ. ಆಗ ಅಪ್ಪ ಗಾಡಿಯಿಂದ ಇಳಿದು, ಈಟಿ ಚುಚ್ಚಿ ಚುಚ್ಚಿ ನಡೀತಿದ್ರು. ನೀರಿಗೆ ಕೆಳಗೆ ದಾರಿ ಸಿಕ್ಕಿದೆ ಅಂತ. ಅಲ್ವಾ ಅಪ್ಪಾ?"

ಮಗು ಅವರನ್ನೇ ನೋಡುತ್ತಿತ್ತು.

ಕಾಲೇಜಿನಲ್ಲಿ ಇದನ್ನೇ ಓದಿದ್ದೆ! ಬಿರುಕಿಗೆ ನೀರು ಇಳಿದರೆ ಅದರ ಭಾರಕ್ಕೆ ಬಿರುಕು ತಳದವರೆಗೆ ಸೀಳುತ್ತದೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವಳು ಗಂಡನಿಗೆ "ಹೆದರಿಕೆ ಇಲ್ಲ" ಅಂತ ಬರೆದಿದ್ದೇನೆ. ನಗೆಪಾಟಲಾದದ್ದು ಸಾಕಾಗಿತ್ತು. ಒಳ್ಳೆಯ ಸುದ್ದಿ ಬೇಕಾಗಿತ್ತು.

ಫೋನ್ ಮಾಡಿದೆ. ಮೂರನೇ ಸಲಕ್ಕೆ ಪೌಲಾಸಿ ಸಿಕ್ಕ.

"ಈಗಲೇ ಹೊರಡಿ. ಹನ್ನೆರಡರ ತುದಿ ಬಳಸಿ ದಡದ ಬಂಡೆಗೆ ಬನ್ನಿ. ಕೆರೆ ಒಳಕ್ಕೆ ಇಳಿದಿದೆ."

"ಮಧ್ಯಾಹ್ನ ತಾನೇ ಹೆದರಿಕೆ ಇಲ್ಲ ಅಂದೆ?"

"ತಪ್ಪು ಹೇಳ್ದೆ."

"ಪಿತ್ಸಿ... ಕ್ಲೇರ್‌ಗೆ ಏನಂತ ಹೇಳ್ಲಿ? ನಾಕನೇ ಸಲ ಇದು."

ಅತ್ತೆ ಫೋನ್ ಕಿತ್ತುಕೊಂಡರು. "ಏ ಪೌಲಾಸಿ. ಅಜ್ಜ ಇಲ್ಲೇ ಕೂತಿದಾರೆ. ನಿನ್ನ ಬಯ್ತಿದಾರೆ. ಹೊರಡು ಅಂದ್ರೆ ಹೊರಡಬೇಕಪ್ಪ."

ಅಜ್ಜ ಆಗ ನಿಜಕ್ಕೂ ಕಿರುಚುತ್ತಿದ್ದರು. ಹಸಿವು.

"ಹೊರಡ್ತೀವಿ," ಅಂದ.

ಆಗಸ್ಟ್ 9

ಹದಿನಾಲ್ಕು ಗಂಟೆ ಸುದ್ದಿಯಿಲ್ಲ. ಆಮೇಲೆ ಒಂದು ಸಾಲು — ಬಂಡೆ ಮೇಲಿದ್ದೇವೆ, ಮೂವರೂ. ಹನ್ನೆರಡರ ತುದಿಯ ಹತ್ತಿರ ಹೆಜ್ಜೆಯಷ್ಟು ಅಗಲದ ಬಿರುಕು. ದಾಟಿದೆವು. ಒಳಗೆ ನೀರಿನ ಸದ್ದು.

ಎರಡು ಸಲ ಓದಿದೆ.

ಇನ್ನೊಂದು ಸಾಲು — ಊರಿನ ಹಿರಿಯರ ಸಲಹೆ ಮೇರೆಗೆ ಸ್ಥಳಾಂತರ ಅಂತ ಕ್ಲೇರ್ ವರದಿಯಲ್ಲಿ ಬರೆದಿದ್ದಾಳಂತೆ. ಹಿರಿಯರಿಗೆ ಇನ್ನೂ ಹಲ್ಲು ಬಂದಿಲ್ಲ. ಅತ್ತೆಗೆ ಓದಿ ಹೇಳಿದೆ. "ಮತ್ತೆ? ಸರಿಯಾಗೇ ಬರೆದಿದ್ದಾಳೆ," ಅಂದರು.

ಆಗಸ್ಟ್ 12, ಬೆಳಿಗ್ಗೆ

ಮೂರು ದಿನದಿಂದ ಮೋಡ. ಚಿತ್ರದ ತುಂಬ ಉಣ್ಣೆ. ಉಣ್ಣೆಯ ಕೆಳಗೆ ನೀಲಿ ಎಳೆಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತಿವೆಯೋ.

ಬಂಡೆಯಿಂದ ಪೌಲಾಸಿಯೇ ಫೋನ್ ಮಾಡಿದ. ಹಾಸು ಸುಮ್ಮನೆ ಮಲಗಿದೆಯಂತೆ. ಎರಡು ವರ್ಷದ ಅಳತೆ ಬರೆದ ಪುಸ್ತಕಗಳ ಪೆಟ್ಟಿಗೆ ಕ್ಯಾಂಪಿನಲ್ಲೇ ಉಳಿದಿದೆ. ಕ್ಲೇರ್‌ಗೆ ತರಲೇಬೇಕು. ಅವಳು ಶಿಷ್ಯನ ಜೊತೆ ಹೊರಟು ನಿಂತಿದ್ದಾಳೆ, ದಾರಿ ತೋರಿಸಲು ಇವನು ಬೇಕು. ಹೋಗಿ ಬರಲು ಎರಡು ದಿನ.

"ಅತ್ತೆ ಮೀನು ಒಣಗಿಸೋಕೆ ಹೋಗಿದಾರೆ. ಕರೀಲಾ? ಅಜ್ಜನೂ ಎದ್ದಿಲ್ಲ..."

"ಅಜ್ಜನ್ನ ಕೇಳ್ತಿಲ್ಲ," ಅಂದ. "ನೀನು ಆ ಕೆರೆಗಳನ್ನ ಕಂಡೋಳು. ನೀನು ಹೇಳು."

ಚಿತ್ರ ಇರಲಿಲ್ಲ. ಲೆಕ್ಕ ಇರಲಿಲ್ಲ. ಆ ಪೆಟ್ಟಿಗೆಯಲ್ಲಿ ಅರ್ಧ ನನ್ನ ಕೈಬರಹವೇ. ಕಣ್ಣು ಮುಚ್ಚಿದೆ. ಕೆರೆಗಳು ಬಂದವು, ಒಂದೊಂದಾಗಿ. ಎಲ್ಲವೂ ತುಂಬಿದ್ದವು. ಎಲ್ಲಕ್ಕೂ ಈಗ ದಾರಿ ಗೊತ್ತಿತ್ತು.

"ಬೇಡ," ಅಂದೆ. "ಪೆಟ್ಟಿಗೆ ಹೋಗ್ಲಿ. ಯಾರೂ ಇಳೀಬೇಡಿ."

"ಸರಿ."

ಆಗಸ್ಟ್ 12, ಮಧ್ಯಾಹ್ನ

ಮೋಡ ಹರಿದಿದೆ. ಚಿತ್ರ ಇಳಿಯುತ್ತಿದೆ. ಇಳಿಯುವಾಗಲೇ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ. ಮಗು ಭುಜದ ಮೇಲೆ ಬಿಸಿಯಾಗಿ ಉಸಿರಾಡುತ್ತಿದೆ.

ಸಮುದ್ರ. ಕಪ್ಪು. ಇನ್ನೂ ಕಪ್ಪು.

ಬಿಳಿ ಶುರುವಾಗುವ ಜಾಗ ದಾಟಿತು. ಕಪ್ಪೇ. ಒಂದು ಚೂರು ಬಿಳಿ, ಓರೆಯಾಗಿ, ಬೆನ್ನಮೇಲೆ ಒಂದು ಕೆರೆಯನ್ನು ಹಾಗೇ ಹೊತ್ತುಕೊಂಡು ತೇಲಿಹೋಗುತ್ತಿದೆ. ಎಷ್ಟು ನೀಲಿ. ಯಾವ ಕೆರೆಯೋ, ಎಣಿಸಲು ಅದರ ಪಕ್ಕದವು ಇಲ್ಲ.

ದಿಬ್ಬ ಇರಬೇಕಾದಲ್ಲಿ ಕಪ್ಪು.

ಹನ್ನೆರಡು ಇದ್ದಲ್ಲಿ ಕಪ್ಪು.

ಬಂಡೆ ಬಂತು. ಬೂದು ಬಣ್ಣ. ಇದ್ದ ಹಾಗೇ ಇದೆ. ಫೋನ್ ಹೊಡೆದುಕೊಳ್ಳುತ್ತಿದೆ, ಅವನೇ, ಎತ್ತಿದೆ, "ಮೂವರೂ ಬಂಡೆ ಮೇಲೇ ಇದ್ದೀವಿ," ಅಂದ, "ಹಾಸು ಒಡೆದು ಹೋಯ್ತು."