ಅವ್ವನ ಗಿರಣಿ ಓಣಿ ದಾಟುವ ದಿನ

ಗದಗ, ೨೧೮೬ ಫೆಬ್ರುವರಿ ೧೧, ಶನಿವಾರ

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ,

ನಮ್ಮ ಓಣಿಯ ಅಲೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಲ್ಲಲಿದೆ. ಊರಿನಲ್ಲಿ ಉಳಿದಿರುವ ಕೊನೆಯ ಅಲೆ ಇದು. ಇಂದಿನ ಗೋಡೆಪತ್ರಿಕೆ ಹೀಗೆಂದು ವರದಿ ಮಾಡಿದೆ. ವಿದ್ಯುತ್ ಕಚೇರಿ ದೃಢಪಡಿಸಿದೆ.

ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಗೋಡೆಪತ್ರಿಕೆ ಎಂದರೆ ಓಣಿಯ ಗೋಡೆಯ ಮೇಲೆ ಬೆಳಿಗ್ಗೆ ತಾನೇ ಮೂಡಿ ಸಂಜೆ ತಾನೇ ಅಳಿಸಿಹೋಗುವ ಪತ್ರಿಕೆ. ಅಲೆ ಎಂದರೆ ನೀವು ಎಸಿ ಎನ್ನುವ ವಿದ್ಯುತ್ತು, ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವಂಥದು. ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ ನಾವು ನೇರ ಎನ್ನುತ್ತೇವೆ. ಚಾವಣಿಯ ಮೇಲಿನ ಬಿಸಿಲಿನಿಂದ ಹುಟ್ಟುವುದು ನೇರ, ದೀಪಕ್ಕೆ ಬೇಕಾದದ್ದೂ ನೇರ. ನಡುವೆ ಅಲೆ ಯಾಕೆ ಎಂದು ಊರು ಕೇಳಿತು.

ಹನ್ನೆರಡು ವರ್ಷದ ಹಿಂದೆ ಪ್ರತಿ ಓಣಿಯೂ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಹಿಂದಿನ ಓಣಿಯ ನನ್ನ ಅಕ್ಕ ಸಾವಂತ್ರೆವ್ವ ನೇರಕ್ಕೆ ಮೊದಲ ಸಹಿ ಹಾಕಿದಳು. ಅವಳು ಹಾಕಿದಳೆಂದೇ ನಾನು ಹಾಕಲಿಲ್ಲ. ನಮ್ಮ ಓಣಿಯ ನಲವತ್ತು ಮನೆಗಳ ಪರವಾಗಿಯೂ ನೇರ ಬೇಡವೆಂದು ಕಚೇರಿಗೆ ಹೇಳಿಬಂದೆ. ಅಂದಿನಿಂದ ಅವಳ ಓಣಿಯ ದೀಪ ಒಮ್ಮೆಯೂ ಮಿಣುಕಿಲ್ಲ. ನಮ್ಮ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತ ವಾರಕ್ಕೊಮ್ಮೆ ಕೈಕೊಡುತ್ತದೆ. ಆಗೆಲ್ಲ ಹಿತ್ತಲ ಗೋಡೆಯಾಚೆಯ ಅವಳ ಬೆಳಕು ನನ್ನ ಅಡುಗೆಮನೆಗೆ ಬೀಳುತ್ತದೆ. ಆ ಬೆಳಕಿನಲ್ಲಿ ರೊಟ್ಟಿ ಬಡಿಯಬಾರದೆಂದು ನಾನು ಕಿಟಕಿ ಮುಚ್ಚುತ್ತೇನೆ.

ನನ್ನ ಬಳಿ ಇದ್ದದ್ದು ಒಂದೇ, ಅವ್ವ ನನಗೆ ಬಿಟ್ಟುಹೋದ ಹಿಟ್ಟಿನ ಗಿರಣಿ. ಅದರ ಮೋಟಾರು ಹಳೆಯದು, ಅಲೆಗೆ ಮಾತ್ರ ತಿರುಗುತ್ತದೆ. ಅಕ್ಕನಿಗೆ ಬೇರೆ ಗಿರಣಿಯ ಹಿಟ್ಟು ಒಗ್ಗದು. ಪ್ರತಿ ಮಂಗಳವಾರ ಜೋಳದ ಬುಟ್ಟಿ ಹೊತ್ತು ನನ್ನ ಹೊಸ್ತಿಲು ದಾಟುತ್ತಾಳೆ. ಬೀಸಿದ ಮೇಲೆ ನಮ್ಮಲ್ಲಿನ ರೂಢಿಯಂತೆ ಗಿರಣಿಯ ಮನೆಗೆಂದು ಒಂದು ಹಿಡಿ ಹಿಟ್ಟು ಬಿಟ್ಟುಹೋಗುತ್ತಾಳೆ. ಆ ಹಿಡಿ ಹಿಟ್ಟಿನ ರೊಟ್ಟಿಯಷ್ಟು ರುಚಿ ನಾನು ಬೇರೆಲ್ಲೂ ಕಂಡಿಲ್ಲ.

ಈಗ ಕಚೇರಿಯವರು ಹಳೆಯ ಯಂತ್ರಗಳಿಗಾಗಿ ನೇರವನ್ನು ಅಲೆಯಾಗಿಸುವ ಮಗುಚುಡಬ್ಬಿ ಕೊಟ್ಟಿದ್ದಾರೆ. ಎರಡು ಓಣಿಗೆ ಒಂದೇ ಡಬ್ಬಿ, ಅದೂ ಮೊದಲು ಸಹಿ ಹಾಕಿದವರ ಮನೆಗೆ. ನಿನ್ನೆ ಅಕ್ಕ ಬಾಗಿಲಲ್ಲೇ ನಿಂತು, “ಗಿರಣಿ ನಮ್ಮನಿಗೆ ಕಳಸವಾ ತಂಗಿ. ಹನ್ನೆರಡ ವರ್ಷ ನಾ ಬುಟ್ಟಿ ಹೊತ್ತೇನಿ, ಇನ್ನ ನೀನೂ ಒಂದೀಟು ಹೊರು,” ಎಂದು ನಕ್ಕಳು. ಕಳಿಸದಿದ್ದರೆ ಅದು ಬರೀ ಕಬ್ಬಿಣ. ಒಪ್ಪಿದೆ.

ನಿಮ್ಮನ್ನು ಕಂಡರೂ ನನಗೆ ಹೊಟ್ಟೆಯುರಿ. ನಿಮ್ಮ ಗೋಡೆಯಲ್ಲಿ ಅಲೆ, ಕೈಯೊಳಗಿನ ಫೋನಿನಲ್ಲಿ ನೇರ. ನಡುವಿನ ಪುಟ್ಟ ಚಾರ್ಜರು ಎರಡಕ್ಕೂ ದಿನವೂ ರಾಜಿ ಮಾಡಿಸುತ್ತದೆ, ಯಾರಿಗೂ ಗೊತ್ತಾಗದಂತೆ. ನಮ್ಮ ಮನೆತನದಲ್ಲಿ ಅಂಥವರು ಒಬ್ಬರೂ ಹುಟ್ಟಲಿಲ್ಲ.

ಸೋಮವಾರ ಹನ್ನೊಂದಕ್ಕೆ ಗಿರಣಿಯನ್ನು ಅಕ್ಕನ ಮನೆಗೆ ಸಾಗಿಸಲಾಗುವುದು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನನ್ನ ಸರದಿ: ಎರಡು ಸೇರು ಜೋಳ. ಒಂದು ಹಿಡಿ ಹಿಟ್ಟು ಅಲ್ಲಿ ಬಿಟ್ಟುಬರಬೇಕು.

ಗಿರಣಿ ಕಾಶವ್ವ