ಎಡಗೈಯ ಬ್ರೇಕು

ದಮಿಯೆತ್ತಾ, ಕಾಲುವೆಯ ಓಣಿ
19 ಆಗಸ್ಟ್ 1988

ಪ್ರೀತಿಯ ಹಿಲ್ಮಿ,

ನಿನಗೆ ಶಾಂತಿಯಿರಲಿ. ಹೇಗಿದ್ದೀಯ? ಹೊಟ್ಟೆಯ ಉರಿ ಕಡಿಮೆಯಾಯಿತೆ? ಬಾಗ್ದಾದಿನ ಬಿಸಿಲಿಗೆ ಬೆವರು ಹುಟ್ಟುವ ಮೊದಲೇ ಆರಿಹೋಗುತ್ತದೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಇಲ್ಲಿ ಯಾವುದೂ ಆರುವುದಿಲ್ಲ. ಹಗ್ಗದ ಮೇಲಿನ ಬಟ್ಟೆ, ಗೋಡೆಯ ಸುಣ್ಣ, ಉಪ್ಪಿನ ಡಬ್ಬಿ, ಎಲ್ಲವೂ ಒದ್ದೆ. ಅತ್ತೆಯ ಮಂಡಿನೋವು ಹಾಗೇ ಇದೆ, ಕಣ್ಣು ಇನ್ನಷ್ಟು ಮಂಜಾಗಿದೆ. ಓಣಿಯಲ್ಲಿ ಯಾರು ನಡೆದುಹೋದರೂ ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿಯುತ್ತಾರೆ. ನಿನ್ನ ಹಾಗೆ ನಡೆಯುವವರು ಯಾರೂ ಇಲ್ಲ ಎನ್ನುತ್ತಾರೆ. ನಾನು ಚೆನ್ನಾಗಿದ್ದೇನೆ.

ನಿನ್ನ ಸೈಕಲ್ಲನ್ನು ಈಗ ನಾನು ಓಡಿಸುತ್ತಿದ್ದೇನೆ. ಕೆರೆಯಂಚಿನ ಚೀಸಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗುವುದು, ಸಂಜೆ ಹಿಂದೆ ಉಪ್ಪುನೀರಿನಲ್ಲಿಟ್ಟ ಚೀಸಿನ ಒಂದು ಡಬ್ಬ ಕಟ್ಟಿಕೊಂಡು ಬಂದು ಪೇಟೆಯ ಅಂಗಡಿಗೆ ಕೊಡುವುದು. ಆ ದಾರಿ ನಿನಗೆ ಗೊತ್ತು. ಟಾರು ಮುಗಿದ ಮೇಲೆ ಬರೀ ಗುಂಡಿ, ಒಡೆದ ಚಿಪ್ಪು, ಉಪ್ಪು ಮಣ್ಣು. ಮೊದಮೊದಲು ಹ್ಯಾಂಡಲ್ಲು ನಡುಗಿದರೆ ನನ್ನ ಹಲ್ಲೂ ನಡುಗುತ್ತಿದ್ದವು. ಈಗ ಮೊಣಕೈ ಸಡಿಲ ಬಿಡುವುದನ್ನು ಕಲಿತಿದ್ದೇನೆ.

ಕಲಿಯಲಾಗದ್ದು ಒಂದಿತ್ತು. ರೊಟ್ಟಿ ಹೊರುವ ನಿಮ್ಮವರೆಲ್ಲರ ಸೈಕಲ್ಲಿನಂತೆ ನಿನ್ನದರಲ್ಲೂ ಎರಡೂ ಬ್ರೇಕು ಎಡಗೈಗೇ. ಬಲಗೈ ತಲೆಯ ಮೇಲಿನ ರೊಟ್ಟಿಯ ಹಲಗೆಯನ್ನು ಹಿಡಿದಿರಬೇಕಲ್ಲ. ನನ್ನ ತಲೆಯ ಮೇಲೆ ಏನೂ ಇಲ್ಲ. ದಾರಿಯುದ್ದಕ್ಕೂ ಬಲಗೈ ಸುಮ್ಮನೆ ಹ್ಯಾಂಡಲ್ಲಿನ ಮೇಲೆ ಕೂತಿರುತ್ತಿತ್ತು, ಪರರ ಮನೆಯಲ್ಲಿ ಕೂತ ಹಾಗೆ. ಗುಂಡಿ ಬಂದಾಗ ಅದೂ ಏನನ್ನೋ ಹುಡುಕಿ ಬೆರಳು ಮಡಿಸುತ್ತಿತ್ತು, ಗಾಳಿ ಸಿಗುತ್ತಿತ್ತು. ಎಡಗೈ ಒಂದೇ ಎರಡು ಬ್ರೇಕನ್ನೂ ಹಿಂಡಿ ಹಿಂಡಿ ರಾತ್ರಿ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಒಮ್ಮೆ ಕಾಲುವೆಯ ಸೇತುವೆ ಇಳಿಯುವಾಗ ಬಿದ್ದೆ. ಚೀಸಿನ ನೀರೆಲ್ಲ ಮೈಮೇಲೆ.

ಸೈಕಲ್ ರಿಪೇರಿಯ ಮೇಸ್ತ್ರಿ, ಉಸ್ತಾ ದಸೂಕಿ, ಅದನ್ನು ನೋಡಿ ನಕ್ಕ. “ತಂಗಿ, ಇದು ಸೈಕಲ್ಲಲ್ಲ, ನಿನ್ನ ಗಂಡನ ಕೈ. ಅವನ ಕೈಲಿ ಊಟ ಮಾಡೋಕೆ ಹೋದ್ರೆ ನಿನ್ನ ಬಾಯಿಗೆ ಸೇರುತ್ತಾ?” ಒಂದು ಬ್ರೇಕನ್ನು ಬಲಕ್ಕೆ ದಾಟಿಸಿ, ಹ್ಯಾಂಡಲ್ಲನ್ನು ನನ್ನ ಎತ್ತರಕ್ಕೆ ಇಳಿಸಿ, ರಬ್ಬರಿನ ಹಿಡಿಗಳನ್ನು ಕಿತ್ತು ಹತ್ತಿಬಟ್ಟೆ ಸುತ್ತೋಣ ಅಂದ. ಈ ಊರಿನ ಸೆಕೆಗೆ ರಬ್ಬರು ಕರಗಿ ಅಂಟಾಗುತ್ತದೆ, ಬಟ್ಟೆಯಾದರೆ ಬೆವರು ಹೀರುತ್ತದೆ, ಒಗೆದು ಮತ್ತೆ ಸುತ್ತಬಹುದು.

ಅತ್ತೆ ಒಪ್ಪಲಿಲ್ಲ. “ಹ್ಯಾಂಡಲ್ ಮುಟ್ಟಿದವರ ಕೈ ಮುರೀತೀನಿ. ನನ್ನ ಮಗ ಬಂದು ಹತ್ತಿದ್ರೆ ಅವನ ಕೈಗೆ ಏನು ಸಿಗಬೇಕು?” ಅವರಿಗೆ ಹಿಡಿಯ ಮೇಲೇ ಹೆಚ್ಚು ಆಸೆ. ಎಡಗಡೆಯ ರಬ್ಬರಿನಲ್ಲಿ ನಿನ್ನ ನಾಲ್ಕು ಬೆರಳಿನ ತಗ್ಗುಗಳಿವೆ, ಸೆಕೆಗೆ ಮೆತ್ತಗಾಗಿ ವರ್ಷಗಟ್ಟಲೆ ನಿನ್ನ ಹಿಡಿತಕ್ಕೆ ಬಿದ್ದವು. ಬಲಗಡೆಯದು ಕೊಂಡ ದಿನದಂತೆ ನುಣ್ಣಗಿದೆ. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಅತ್ತೆ ಸೈಕಲ್ಲಿನ ಪಕ್ಕ ಕೂತು ಆ ತಗ್ಗುಗಳಲ್ಲಿ ತಮ್ಮ ಬೆರಳಿಡುತ್ತಿದ್ದರು. ಅವರು ನಿದ್ದೆ ಹೋದಾಗ ನಾನೂ ಇಟ್ಟು ನೋಡಿದ್ದೇನೆ. ನನ್ನ ಬೆರಳು ಅಲ್ಲಿ ಕೂರುವುದಿಲ್ಲ, ಎರಡರ ನಡುವಿನ ದಿಬ್ಬದ ಮೇಲೆ ಬರುತ್ತವೆ. ಆದರೂ ಅವರ ಮಾತಿಗೆ ನಾನು ಎದುರಾಡಲಿಲ್ಲ. ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದೆ.

ಹೋದ ಶುಕ್ರವಾರ ನಮ್ಮ ಓಣಿಯ ಝಗ್ಲೂಲ್ ಬಂದಿದ್ದ. ರಜೆಗೆ ಬಾಗ್ದಾದಿನಿಂದ ಬಂದವನು, ನಿನ್ನನ್ನು ನೋಡಿದ್ದೇನೆ ಎಂದ. ನಮಗೆ ಕಾಗದವಿಲ್ಲದೆ ಎರಡು ರಂಜಾನ್ ಕಳೆದಿವೆಯಲ್ಲ, ಅತ್ತೆ ಅವನನ್ನು ಕೈಹಿಡಿದು ಕೂರಿಸಿಕೊಂಡರು. “ನನ್ನ ಮಗ ಬಡವಾಗಿದ್ದಾನಾ?” “ಅಯ್ಯೋ ಅಜ್ಜಿ, ನನಗಿಂತ ದಪ್ಪ! ಇಸ್ತ್ರಿ ಮಾಡಿದ ಅಂಗಿ, ಹೊಳೆಯೋ ಬೂಟು. ಸಂತೇಲಿ ಸಿಕ್ಕಿದ್ದ, ಬೆಂಡೆಕಾಯಿ ಆರಿಸ್ತಿದ್ದ. ಎಳೇದು ಯಾವುದು ಅಂತ ಒಂದೊಂದರ ತುದಿ ಮುರಿದು ನೋಡ್ತಿದ್ದ, ಹೆಂಗಸರ ಹಾಗೆ!” ಅವನೊಬ್ಬನೇ ನಕ್ಕ. ನಾನು ಚಹಾ ತರಲು ಒಳಗೆ ಹೋದೆ.

ಅವನು ಹೋದ ಮೇಲೆ ಅತ್ತೆ ಸೈಕಲ್ಲಿನ ಪಕ್ಕ ಹೋಗಿ ಕೂತರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, “ಚಿಕ್ಕವನಿದ್ದಾಗ ಬೆಂಡೆಕಾಯಿ ಬಡಿಸಿದ್ರೆ ತಟ್ಟೆ ಎಸೀತಿದ್ದ,” ಎಂದರು. ನಾನೂ ಈ ಮನೆಗೆ ಬಂದಮೇಲೆ ಅದನ್ನು ಬೇಯಿಸಿಲ್ಲ. ಎಳೆಯದನ್ನೇ ಆರಿಸಿದ್ದು ಯಾರ ಒಲೆಗೋ. ಮರುದಿನ ಬೆಳಿಗ್ಗೆ, “ಏ ಸನೀಯ, ಆ ದಸೂಕೀನ ಕರ್ಕೊಂಡ್ ಬಾ,” ಎಂದರು.

ಉಸ್ತಾ ಬಂದು ನಮ್ಮ ಬಾಗಿಲಲ್ಲೇ ಕೆಲಸಕ್ಕೆ ಕೂತ. ಚೌಕಟ್ಟಿನೊಳಗೆ ಇಳಿದಿರುವ ಹ್ಯಾಂಡಲ್ಲಿನ ಕತ್ತು ಕದಲಲಿಲ್ಲ, ಒಳಗೆ ತುಕ್ಕು ಕಚ್ಚಿಕೊಂಡಿತ್ತು. ಪ್ರತಿ ಬೇಸಿಗೆಯ ಮೊದಲು ನೀನು ಅದನ್ನು ಹೊರಗೆ ತೆಗೆದು ಗ್ರೀಸು ಹಚ್ಚುತ್ತಿದ್ದೆ, ನೀನು ಹೋದ ಮೇಲೆ ಯಾರೂ ತೆಗೆದಿರಲಿಲ್ಲ. “ಉಪ್ಪುಗಾಳಿ ತಂಗಿ. ಎರಡು ಕಬ್ಬಿಣ ಅಲ್ಲಾಡದೆ ಒಟ್ಟಿಗೆ ಕೂತರೆ ಒಂದೇ ಆಗಿಬಿಡ್ತವೆ. ಮನುಷ್ಯರಾದ್ರೆ ತದ್ವಿರುದ್ಧ,” ಎಂದವನು ಅತ್ತೆಯ ಮುಖ ನೋಡಿ ಎಣ್ಣೆಯ ಡಬ್ಬಿ ಎಳೆದುಕೊಂಡ. ಸೀಮೆಎಣ್ಣೆ ಬಿಟ್ಟು, ಮರದ ಸುತ್ತಿಗೆಯಲ್ಲಿ ತಟ್ಟುತ್ತಾ, ಮತ್ತೆ ಬಿಟ್ಟು, ಮತ್ತೆ ತಟ್ಟಿ, ಮಧ್ಯಾಹ್ನವೆಲ್ಲ ಕಳೆಯಿತು. ಕೊನೆಗೆ ಅದು ಮುದುಕರು ಕೆಮ್ಮುವಂತೆ ಸದ್ದು ಮಾಡಿ ಕದಲಿತು. ಒಳಗೆಲ್ಲ ಕೆಂಪು ಪುಡಿ. ಹ್ಯಾಂಡಲ್ಲಿನ ಎರಡೂ ತುದಿಯ ತೂತುಗಳನ್ನು ಬಾಟಲಿಯ ಬಿರಡೆ ಕೊರೆದು ಮುಚ್ಚಿದ, ಇಲ್ಲದಿದ್ದರೆ ತೇವ ಒಳಹೊಕ್ಕು ಮೇಲೆ ಹೊಳೆಯುತ್ತಿರುವಾಗಲೇ ಒಳಗೆ ತಿಂದುಹಾಕುತ್ತದಂತೆ. ಬ್ರೇಕಿನ ತಂತಿಗಳನ್ನು ಹೊಸದು ಹಾಕಿದ. ಒಂದು ಹಿಡಿಕೆ ಎಡಕ್ಕೆ, ಒಂದು ಬಲಕ್ಕೆ.

ರಬ್ಬರನ್ನು ಕತ್ತರಿಸಿದ್ದು ಉಸ್ತಾ ಅಲ್ಲ. ಅತ್ತೆ ಈರುಳ್ಳಿ ಹೆಚ್ಚುವ ಚಾಕು ತರಿಸಿದರು, ತಡಕಾಡಿ ತಗ್ಗುಗಳ ಸಾಲನ್ನು ಹುಡುಕಿ ಉದ್ದಕ್ಕೆ ಸೀಳಿದರು. ಅದು ಕಿತ್ತುಬಂದು ಅವರ ಅಂಗೈಗೆ ಕಪ್ಪಗೆ ಅಂಟಿಕೊಂಡಿತು. “ನಿನಗೆ ಬೇಕೇನೇ?” ಎಂದು ನನ್ನ ಕಡೆ ಚಾಚಿದರು. ನಾನು ಕೈ ಒಡ್ಡಲಿಲ್ಲ. ಆಮೇಲೆ ಸೀಮೆಎಣ್ಣೆ ಹಾಕಿ ಅವರ ಕೈ ತೊಳೆದೆ, ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದೆ. ಹಿಡಿಗೆ ಸುತ್ತಲು ಅವರದೇ ಹಳೆಯ ಬಿಳಿ ನಿಲುವಂಗಿ ಹರಿದು ಕೊಟ್ಟರು.

ಈಗ ಸೇತುವೆ ಇಳಿಯುವಾಗ ಎರಡೂ ಕೈಗೆ ಕೆಲಸವಿದೆ. ಕೆರೆಯ ಮೇಲಿನ ಗಾಳಿ ಎದುರಾದಾಗ ತಲೆ ತಗ್ಗಿಸುತ್ತೇನೆ. ದಾರಿಯಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ.

ಅತ್ತೆ ನಿನಗೆ ಹರಸಿದ್ದಾರೆ. ಏನೆಂದು ಬರೆಯಲಿ ಎಂದು ಕೇಳಿದರೆ, “ಅವನ ಹೊಟ್ಟೆ ತಣ್ಣಗಿರಲಿ ಅಂತ ಬರಿ,” ಎಂದರು. ದೇವರು ನಿನ್ನನ್ನು ಕಾಯಲಿ.

ನಿನ್ನ
ಸನೀಯ

ಈ ಕಾಗದ ಒಯ್ಯಲು ಝಗ್ಲೂಲ್ ಬಾಗಿಲಲ್ಲಿ ನಿಂತಿದ್ದಾನೆ, ಲಾರಿ ಹೊರಡುತ್ತದಂತೆ. ಒಂದು ಮರೆತಿದ್ದೆ: ನೀನು ಬಂದರೆ ನನ್ನನ್ನು ಕೇಳದೆ ಸೈಕಲ್ ಹತ್ತಬೇಡ. ನಿನ್ನ ಎಡಗೈ ಹಳೆಯ ರೂಢಿಯಲ್ಲೇ ಹಿಂಡುತ್ತದೆ, ಅಲ್ಲೀಗ ಹಿಂದಿನ ಚಕ್ರದ್ದು ಮಾತ್ರ ಇದೆ, ಸೇತುವೆಯಲ್ಲಿ ನಿಲ್ಲುವುದಿಲ್ಲ. ಬರುವುದಿಲ್ಲವೆಂದಾದರೆ ಅದನ್ನು ಝಗ್ಲೂಲನ ಬಾಯಲ್ಲಿ ಹೇಳಿಕಳಿಸಬೇಡ, ನಿನ್ನ ಕೈಯಲ್ಲೇ ಬರೆ. ಅವಳ ಹೆಸರೂ ಬರೆ. ಅತ್ತೆಗೆ ನಾನೇ ಓದಿ ಹೇಳುತ್ತೇನೆ.