ಜರಡಿ ಮುಚ್ಚಿದ ಗಡಿಗೆ

ನೊಣಶಕದ ಇನ್ನೂರ ಹನ್ನೊಂದನೇ ವರ್ಷ, ಅವರೆ ಸೊಗಡಿನ ತಿಂಗಳು

ಮುಳಬಾಗಿಲು ಸೀಮೆಯ ವೆಂಕಟರವಣಮ್ಮಜ್ಜಿಯವರಿಗೆ ನಿಮ್ಮ ವಂಶದ ಸೊಣ್ಣಮ್ಮನ ನಮಸ್ಕಾರಗಳು. ನಿಮಗಿನ್ನೂ ಮೂವತ್ತು ತುಂಬಿಲ್ಲ, ಅಜ್ಜಿ ಅಂದರೆ ಸಿಟ್ಟು ಬರಬಹುದು. ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳಾದ ನನಗೆ ಬೇರೆ ಮಾತು ತೋಚಲಿಲ್ಲ. ಶಕದ ಹೆಸರು ವಿಚಿತ್ರವೆನಿಸಿದರೆ ಕ್ಷಮಿಸಿ. ಒಂದು ನೊಣ ಉಳಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ.

ನಮ್ಮ ಹೊಲಗಳಲ್ಲಿ ಈಗ ಅವರೆಯೇ ಮುಖ್ಯ ಬೆಳೆ. ಕಾಯಿ ಕೊರೆಯುವ ಹುಳುವಿಗೆ ನಿಮ್ಮ ಕಾಲದ ಯಾವ ಔಷಧಿಯೂ ನಾಟದಂತಾಗಿ ಬಹಳ ಕಾಲವಾಯಿತು. ಅದನ್ನು ಹದ್ದುಬಸ್ತಿನಲ್ಲಿಡುವುದು ಮುಳ್ಬೆನ್ನಿ ಮಾತ್ರ. ಬೆನ್ನ ತುಂಬ ಬಿರುಸು ಕೂದಲಿರುವ ಈ ಬೂದು ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿಂದು ಮುಗಿಸುತ್ತದೆ. ಕೇಳಲು ಹೇಸಿಗೆ, ನಮಗೆ ಅದೇ ಅನ್ನ. ನಿಮ್ಮ ಕಾಲದಲ್ಲಿ ಈ ನೊಣದ ಕುಲಕ್ಕೊಂದು ಹೆಸರಿತ್ತಂತೆ, ಬಲ್ಲವರು ಬೆರಳೆಣಿಕೆಯಷ್ಟು. ಹೆಸರು ಉಳಿಯಲಿಲ್ಲ, ನೊಣ ಉಳಿಯಿತು.

ನಮ್ಮಲ್ಲಿ ಪ್ರತಿ ಮನೆಯ ಜಗಲಿಯಲ್ಲೂ ಒಂದು ನೊಣಗಡಿಗೆ ಇರುತ್ತದೆ. ಅವರೆಕಾಯಿ ಸುಲಿಯುವಾಗ ಸಿಕ್ಕಿದ ಹುಳುಗಳನ್ನು ಕೊಲ್ಲದೆ, ಸಿಪ್ಪೆಯ ಜೊತೆ ಅದರೊಳಗೆ ಹಾಕಿ ಬಾಯಿಗೆ ಜರಡಿ ಕಟ್ಟುತ್ತೇವೆ. ಒಳಗೆ ನೊಣದ ಮರಿಯಿಲ್ಲದ ಹುಳು ಬದುಕಿ ಪತಂಗವಾದರೆ ಅದರ ಮೈ ಜರಡಿಯ ಕಣ್ಣಿಗಿಂತ ದಪ್ಪ, ಒಳಗೇ ಉಳಿಯುತ್ತದೆ. ಮುಳ್ಬೆನ್ನಿ ನುಸುಳಿ ಹೊಲಕ್ಕೆ ಹಾರುತ್ತದೆ. ಮೊದಲ ನೊಣ ಹೊರಬಂದ ದಿನ ಹಿತಕಿದ ಬೇಳೆ ಸಾರು, ಮನೆ ತುಂಬ ನೆಂಟರು.

ಇದನ್ನು ಕಲಿಸಿದವರು ನೀವು. ಬೇಕೆಂದು ಕಲಿಸಿದ್ದಲ್ಲ ಎಂಬುದೂ ನಮಗೆ ಗೊತ್ತು. ಕೋಳಿಗೆ ಹಾಕೋಣವೆಂದು ಹುಳುಕು ಕಾಯಿಗಳನ್ನು ಗಡಿಗೆಗೆ ತುಂಬಿ, ಹಳೆಯ ಕಾಳುಜರಡಿ ಮುಚ್ಚಿ, ಮರೆತುಬಿಟ್ಟಿರಿ. ನಿಮ್ಮಲ್ಲಿ ಈಗ ಅದರಿಂದ ನೊಣಗಳು ಏಳುತ್ತಿವೆ, ನಿಮ್ಮ ಅತ್ತೆ ಕೂಗಾಡುತ್ತಿದ್ದಾರೆ, ಗಡಿಗೆಗೆ ಸುರಿಯಲೆಂದು ಒಲೆಯ ಮೇಲೆ ನೀರು ಕುದಿಯುತ್ತಿದೆ. ಈ ಸಲ ಸುತ್ತಲಿನ ಹೊಲಗಳಿಗೆಲ್ಲ ಔಷಧಿ ಹೊಡೆದಿದ್ದಾರೆ. ಈ ನೊಣ ಉಳಿದಿರುವುದು ನಿಮ್ಮ ಗಡಿಗೆಯಲ್ಲಿ ಮಾತ್ರ, ಅದು ನಿಮಗೆ ಗೊತ್ತಿಲ್ಲ. ಆದರೂ ನೀವು ಹೇಳಿದಿರಂತೆ:

"ಇರ್ಲಿ ಬಿಡತ್ತೆ, ಬದ್ಕಂಡು ಹೋಗ್ಲಿ."

ಜರಡಿ ಕಟ್ಟುವಾಗಲೆಲ್ಲ ನಾವು ಮಕ್ಕಳಿಂದ ಹೇಳಿಸುವುದು ಇದೇ ಮಾತನ್ನು, ಎದುರಿಗೆ ಯಾರ ಅತ್ತೆಯೂ ಇಲ್ಲದಿದ್ದರೂ.

ಅಜ್ಜಿ, ನಿಮ್ಮನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಅತ್ತೆ ಒಲೆಯ ಕಡೆ ಹೊರಟಿದ್ದಾರೆ, ಆ ಮಾತನ್ನು ಈಗಲೇ ಹೇಳಿಬಿಡಿ. ಕಾದ ನೀರು ದಂಡವಾಗುವುದು ಬೇಡ. ರಾಗಿಹಿಟ್ಟು ಹಾಕಿ ಮುದ್ದೆ ಮಾಡಿ. ನಾವೆಲ್ಲ ಆ ಊಟಕ್ಕೆ ಕಾದಿದ್ದೇವೆ.